ಉರಿಸಿ ನೋಡದೆ ಬಲ್ಬು ಕೊಳ್ಳಿ ಎಂದರೆ ಹೇಗೆ?

ಸಂಪಾದಕರಿಗೆ ನಮಸ್ಕಾರ.

ಅರಸೀಕೆರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ನಡೆಸುತ್ತಿದ್ದೇನೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಮರದ ಹಲಗೆ ಇದೆ. ಅದರ ಮೇಲೆ ಎರಡು ಹೋಲ್ಡರು, ಒಂದು ಪ್ಲಗ್ ಪಾಯಿಂಟು, ಒಂದು ಸ್ವಿಚ್ಚು. ಬಲ್ಬು ಕೇಳಿದವರಿಗೆ ಡಬ್ಬಿಯಿಂದ ತೆಗೆದು ಅದಕ್ಕೆ ಸಿಕ್ಕಿಸಿ, ಉರಿಸಿ ತೋರಿಸಿಯೇ ಕೊಡುವುದು. ಎಂಬತ್ತು ರೂಪಾಯಿಯ ಬಲ್ಬಿಗೂ ಅಷ್ಟೇ, ಮೂರು ಸಾವಿರದ ಮಿಕ್ಸಿಗೂ ಅಷ್ಟೇ. ನಾನು ಮರೆತರೂ ಗಿರಾಕಿ ಮರೆಯುವುದಿಲ್ಲ. ‘ಒಂದ್ಸಲ ಹಾಕಿ ತೋರ್ಸಿ ಅಣ್ಣ’ ಎಂದು ಕೇಳಿಯೇ ಕೇಳುತ್ತಾರೆ.

ನನ್ನ ಮಗಳು ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ದಸರಾ ರಜೆಯಲ್ಲಿ ಅಂಗಡಿಯಲ್ಲಿ ಕೂತು ಸಂಪಾದಿಸಿದ್ದಕ್ಕೆ ಸೋದರತ್ತೆ ಹಬ್ಬಕ್ಕೆ ಕೊಟ್ಟ ಐನೂರು ಸೇರಿಸಿ, 2,499 ರೂಪಾಯಿಗೆ ಒಂದು ಕಂಪ್ಯೂಟರ್ ಗೇಮ್ ಕೊಂಡಳು. ಡಬ್ಬಿ ಇಲ್ಲ, ಸಿ.ಡಿ. ಇಲ್ಲ, ಆನ್‌ಲೈನ್ ಮಳಿಗೆಯಿಂದ ಇಳಿಸಿಕೊಳ್ಳುವ ಆಟ. ಎಂಥ ಪ್ರೊಸೆಸರ್ ಬೇಕು, ಎಷ್ಟು ರ‍್ಯಾಮ್ ಬೇಕು ಎಂದು ಮಳಿಗೆಯ ಪುಟದಲ್ಲೇ ಬರೆದಿತ್ತು. ತನ್ನ ಲ್ಯಾಪ್‌ಟಾಪಿನಲ್ಲಿ ಅಷ್ಟೂ ಇದೆ ಎಂದು ಒಂದೊಂದೇ ಸಾಲು ನನಗೆ ಓದಿ ತೋರಿಸಿದ ಮೇಲೆಯೇ ಯುಪಿಐನಲ್ಲಿ ಹಣ ಹಾಕಿದಳು. 64 ಜಿಬಿ. ರಾತ್ರಿ ಎಂಟಕ್ಕೆ ಡೌನ್‌ಲೋಡ್‌ಗೆ ಹಾಕಿದ್ದು ಬೆಳಗಿನ ಜಾವ ಐದಕ್ಕೆ ಮುಗಿಯಿತು. ಗೇಮ್ ತೆರೆದರೆ ಕಂಪನಿಯ ಗುರುತು ಬರುತ್ತದೆ, ಸಂಗೀತ ಬರುತ್ತದೆ, ಆಮೇಲೆ ಬರೀ ಕಪ್ಪು ಪರದೆ. ಡ್ರೈವರ್ ಅಪ್‌ಡೇಟ್ ಮಾಡಿದಳು, ಅಳಿಸಿ ಮತ್ತೆ ಹಾಕಿದಳು. ಅದೇ ಕಪ್ಪು. ಒಂದು ನಿಮಿಷವೂ ಆಡಲಾಗಲಿಲ್ಲ.

ಹಣ ವಾಪಸ್ ಕೇಳಿ ಬರೆದರೆ ಬಂದ ಉತ್ತರ: ಡೌನ್‌ಲೋಡ್ ಶುರುವಾದ ಮೇಲೆ ಮರುಪಾವತಿ ಇಲ್ಲ. ಕಪ್ಪು ಪರದೆಯ ವಿಡಿಯೊ ಸಮೇತ ಇನ್ನೆರಡು ಸಲ ಬರೆದಳು. ಒಂದಕ್ಷರವೂ ಬದಲಾಗದೆ ಅದೇ ಉತ್ತರ ಬಂತು. ಇಳಿಸಿಕೊಳ್ಳದೆ ಅದು ಓಡುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಹೋಲ್ಡರಿಗೆ ಹಾಕಿದ ಬಲ್ಬನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ನಾನು ಬೋರ್ಡು ಹಾಕಿದರೆ ಊರಿನವರು ಒಪ್ಪುತ್ತಾರೆಯೇ? ಮಗಳು ‘ಹೋಗ್ಲಿ ಬಿಡಪ್ಪ’ ಎಂದಳು. ನನಗೆ ಬಿಡಲು ಮನಸ್ಸು ಬರಲಿಲ್ಲ.

ಅವಳಿಂದಲೇ ಕೇಳಿ, ಓದಿಸಿಕೊಂಡು ಕೆಲವು ವಿಷಯ ತಿಳಿದುಕೊಂಡೆ. ಕಂಪ್ಯೂಟರ್ ಗೇಮ್ ಮಾರುವ ದೊಡ್ಡ ಮಳಿಗೆ ಸ್ಟೀಮ್, ಅಮೆರಿಕದ ವಾಲ್ವ್ ಕಂಪನಿಯದು. (ನಾವು ಕೊಂಡದ್ದು ಅಲ್ಲಿ ಅಲ್ಲ.) 2015ರ ಜೂನ್‌ನಿಂದ ಅಲ್ಲೊಂದು ನಿಯಮವಿದೆ: ಕೊಂಡು ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ, ಕಾರಣ ಏನೇ ಇರಲಿ ಹಣ ವಾಪಸ್. ಇಳಿಸಿಕೊಂಡಿದ್ದು ಅಡ್ಡಿಯಲ್ಲ. ನನ್ನ ಅಂಗಡಿಯ ಹಲಗೆ ಮಾಡುವ ಕೆಲಸವನ್ನೇ ಆ ಎರಡು ಗಂಟೆ ಮಾಡುತ್ತದೆ. ಗಾಗ್ ಎಂಬ ಇನ್ನೊಂದು ಮಳಿಗೆ 2020ರಿಂದ ಮೂವತ್ತು ದಿನ ಕೊಡುತ್ತಿದೆ, ಆಡಿದ್ದರೂ ಸರಿ.

ವಾಲ್ವ್ ಕೂಡ ಮೊದಲು ಹೀಗಿರಲಿಲ್ಲ. ಮರುಪಾವತಿ ಇಲ್ಲ ಎಂದೇ ಅದರ ಷರತ್ತುಗಳಲ್ಲಿ ಇದ್ದ ಕಾಲದಲ್ಲಿ, 2014ರಲ್ಲಿ, ಆಸ್ಟ್ರೇಲಿಯದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ ಅದನ್ನು ಕೋರ್ಟಿಗೆ ಎಳೆಯಿತು. ನಾವು ನಿಮ್ಮ ದೇಶದಲ್ಲಿ ವ್ಯಾಪಾರವನ್ನೇ ಮಾಡುತ್ತಿಲ್ಲ, ನಮ್ಮ ಕರಾರಿಗೆ ಅನ್ವಯಿಸುವುದು ವಾಷಿಂಗ್ಟನ್ ರಾಜ್ಯದ ಕಾನೂನು ಎಂದು ಕಂಪನಿ ವಾದಿಸಿತು. ಆಸ್ಟ್ರೇಲಿಯದಲ್ಲಿ ಅದಕ್ಕೆ ಸುಮಾರು 22 ಲಕ್ಷ ಖಾತೆಗಳಿದ್ದವು, ಸರ್ವರ್‌ಗಳೂ ಅಲ್ಲಿದ್ದವು. ಕೋರ್ಟು ಆ ವಾದ ಒಪ್ಪಲಿಲ್ಲ. ಆ ದೇಶದ ಗ್ರಾಹಕ ಕಾನೂನಿನಲ್ಲಿ ‘ಸರಕು’ ಎಂದರೆ ಸಾಫ್ಟ್‌ವೇರ್ ಕೂಡ ಸೇರುತ್ತದೆ ಎಂದು ಬಿಡಿಸಿ ಬರೆದಿದೆ, ಅದೇ ಅವರಿಗೆ ನೆರವಾಯಿತು. 2016ರ ಡಿಸೆಂಬರ್‌ನಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. 2018ರಲ್ಲಿ ಅಲ್ಲಿನ ಹೈಕೋರ್ಟು, ಅಂದರೆ ಅವರ ಸರ್ವೋಚ್ಚ ನ್ಯಾಯಾಲಯ, ಮೇಲ್ಮನವಿಗೆ ಅನುಮತಿ ಕೊಡಲಿಲ್ಲ. ಸರ್ಕಾರದ ಒಂದು ಸಂಸ್ಥೆ ನಾಲ್ಕು ವರ್ಷ ಪಟ್ಟು ಹಿಡಿದು ತನ್ನ ಜನರ ಚಿಲ್ಲರೆ ದುಡ್ಡಿಗಾಗಿ ಹೊಡೆದಾಡಿತು. ಇದನ್ನು ಓದಿದಾಗ ನನಗೆ ಗಂಟಲು ತುಂಬಿ ಬಂತು.

ನಮ್ಮಲ್ಲಿ ಕಾನೂನು ಇಲ್ಲ ಎನ್ನುವಂತಿಲ್ಲ. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಇದೆ, ಅದರಡಿ 2020ರ ಇ-ಕಾಮರ್ಸ್ ನಿಯಮಗಳಿವೆ. ಆ ನಿಯಮಗಳು ಡಿಜಿಟಲ್ ಉತ್ಪನ್ನಗಳಿಗೂ ಅನ್ವಯ ಎಂದು ಮೊದಲಲ್ಲೇ ಹೇಳಿದೆ. ಹೊರದೇಶದಲ್ಲಿ ಕೂತು ಭಾರತದ ಗ್ರಾಹಕರಿಗೆ ನಿಯಮಿತವಾಗಿ ಮಾರುವವರಿಗೂ ಅನ್ವಯ. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾರುಕಟ್ಟೆ ತಾಣದ ಮೂಲಕ ಮಾರಿದ್ದು ದೋಷಪೂರಿತವಾಗಿದ್ದರೆ ಅಥವಾ ಜಾಹೀರು ಮಾಡಿದ ಗುಣ ಅದರಲ್ಲಿ ಇಲ್ಲದಿದ್ದರೆ ಮಾರಾಟಗಾರ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ಹಾಗಿದ್ದ ಮೇಲೆ ತೊಡಕು ಎಲ್ಲಿ? ನಾನು ಕಂಡ ಮಟ್ಟಿಗೆ ಎರಡು ಕಡೆ. 2019ರ ಕಾಯ್ದೆಯಲ್ಲಿ ‘ಸರಕು’ ಎಂದರೆ ಎಲ್ಲ ಬಗೆಯ ಚರ ಸ್ವತ್ತು ಎಂದಿದೆ, ಸಾಫ್ಟ್‌ವೇರ್ ಎಂಬ ಮಾತಿಲ್ಲ. ಆನ್‌ಲೈನ್ ಮಳಿಗೆಗಳು ತಾವು ಮಾರುವುದು ಸರಕಲ್ಲ, ಬಳಸುವ ಪರವಾನಗಿ ಮಾತ್ರ ಎನ್ನುತ್ತವೆ. ಸಿ.ಡಿ.ಯಲ್ಲಿ ತುಂಬಿ ಮಾರುವ ಸಾಫ್ಟ್‌ವೇರ್ ಸರಕೇ ಹೌದು ಎಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ ಎಂದು ನಮ್ಮ ಆಡಿಟರ್ ತಿಳಿಸಿದರು, ಆದರೆ ಅದು ಮಾರಾಟ ತೆರಿಗೆಯ ಪ್ರಕರಣ. ತೆರಿಗೆ ವಸೂಲಿಗೆ ಸರಕಾಗುವುದು ಗ್ರಾಹಕನ ಪಾಲಿಗೂ ಸರಕಾಗಬೇಡವೇ? ಎರಡನೆಯದು, ಡೌನ್‌ಲೋಡ್ ಮಾಡಿದರೆ ಹಕ್ಕು ಹೋಗುತ್ತದೆ ಎಂಬ ಷರತ್ತು ಹಾಕಬಹುದೋ ಇಲ್ಲವೋ ಎಂದು ನಮ್ಮ ನಿಯಮ ಹೆಸರಿಟ್ಟು ಹೇಳುವುದಿಲ್ಲ.

ಗಿರಾಕಿಗಳೆಲ್ಲ ಪ್ರಾಮಾಣಿಕರು ಎಂದು ನಾನು ವಾದಿಸುವುದಿಲ್ಲ. ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ಟು ಒಯ್ದು, ವಿಸರ್ಜನೆ ಮುಗಿದ ಮಾರನೇ ದಿನ ‘ಇದು ಸರಿಯಿಲ್ಲ’ ಎಂದು ತಂದುಕೊಟ್ಟವರನ್ನು ಪ್ರತಿ ವರ್ಷ ನೋಡುತ್ತೇನೆ. ವೈರಿಗೆ ಅಂಟಿದ ಕುಂಕುಮ ಕೂಡ ಹೋಗಿರುವುದಿಲ್ಲ. ಗೇಮ್ ಲೋಕದಲ್ಲೂ ಈ ನೋವು ಇದೆ. ಒಂದೂವರೆ ಗಂಟೆಯಲ್ಲಿ ಮುಗಿಯುವ ಪುಟ್ಟ ಆಟ ಮಾಡಿದವರಿಗೆ ಎರಡು ಗಂಟೆಯ ನಿಯಮ ಪೆಟ್ಟು ಕೊಡುತ್ತದೆ. ಪೂರ್ತಿ ಆಡಿ ಮೆಚ್ಚಿದವರೂ ಹಣ ವಾಪಸ್ ಪಡೆದರು ಎಂದು ನೊಂದು, 2021ರಲ್ಲಿ ಅಂಥ ಒಬ್ಬ ತಯಾರಕರು ಈ ಕಸುಬನ್ನೇ ಬಿಡುವುದಾಗಿ ಹೇಳಿದ್ದರು. ಆದ್ದರಿಂದ ಚಿಕ್ಕ ಆಟಗಳಿಗೆ ಸಮಯ ಕಡಿಮೆ ಇಡಲಿ, ನನ್ನ ತಕರಾರಿಲ್ಲ. ಎಷ್ಟು ಹೊತ್ತು ಆಡಿದ್ದಾರೆ ಎಂಬುದು ಮಳಿಗೆಯ ಕಂಪ್ಯೂಟರಿಗೆ ನಿಮಿಷದ ಲೆಕ್ಕದಲ್ಲಿ ಗೊತ್ತಿರುತ್ತದೆ. ಸೀರಿಯಲ್ ಸೆಟ್ಟು ಎಷ್ಟು ರಾತ್ರಿ ಉರಿಯಿತು ಎಂದು ತಿಳಿಯುವ ಅನುಕೂಲ ನನಗೆ ಇಲ್ಲ, ಅವರಿಗಿದೆ. ಮನಸ್ಸು ಬದಲಾಯಿಸಿದವರು ಬೇರೆ, ಓಡದ ಆಟ ಸಿಕ್ಕವರು ಬೇರೆ. ಇಬ್ಬರಿಗೂ ಒಂದೇ ಉತ್ತರ ಕಳಿಸುವುದು ಅನ್ಯಾಯ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇ-ಕಾಮರ್ಸ್ ನಿಯಮಕ್ಕೆ ಒಂದೆರಡು ಸಾಲು ಸೇರಿಸಿದರೆ ಸಾಕು: ಡೌನ್‌ಲೋಡ್ ಮಾಡಿದ್ದನ್ನು ಬಳಕೆ ಎಂದು ಎಣಿಸಬಾರದು; ಮಳಿಗೆಯೇ ಬರೆದ ಅರ್ಹತೆಯ ಯಂತ್ರದಲ್ಲಿ ಓಡದ ಆಟಕ್ಕೆ ಪೂರ್ತಿ ಹಣ, ಅದೂ ಮಳಿಗೆಯ ವಾಲೆಟ್‌ಗೆ ಅಲ್ಲ, ಕೊಟ್ಟವರ ಬ್ಯಾಂಕ್ ಖಾತೆಗೆ. ನಮ್ಮ ಸಂಸದರು ಇದನ್ನು ಸದನದಲ್ಲಿ ಕೇಳಬೇಕು.

ಗ್ರಾಹಕರ ಸಹಾಯವಾಣಿ 1915ಕ್ಕೆ ಮಗಳ ಕೈಯಿಂದಲೇ ಫೋನ್ ಮಾಡಿಸಿ ದೂರು ದಾಖಲಿಸಿದ್ದೇನೆ. ಇಂದಿಗೆ ಹನ್ನೊಂದು ದಿನ. ತಿಂಗಳೊಳಗೆ ಮಳಿಗೆಯಿಂದ ಹಣ ಬಾರದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಜಾಗ ಸಾಲದೆ ಆ ಗೇಮನ್ನು ಅಳಿಸಿಬಿಡುತ್ತೇನೆ ಎನ್ನುತ್ತಿದ್ದಳು. ಸಾಕ್ಷಿ ಅದು, ಹಾಗೇ ಇರಲಿ ಎಂದಿದ್ದೇನೆ.

– ಎಲೆಕ್ಟ್ರಿಕಲ್ ಸಾಮಾನಿನ ವ್ಯಾಪಾರಿ, ಅರಸೀಕೆರೆ