ಅವರು ಯಾರ ವಕೀಲರು?

ಬನಶಂಕರಿ, ಬೆಂಗಳೂರು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ನೋಡಿದ್ದೀರಿ, ಬಾಲ್ಕನಿಯಿಂದ ತುರಹಳ್ಳಿ ಕಾಡು ಕಾಣುತ್ತದೆ ಅಂದೆ. ಕೇಳಿ ತುಂಬಾ ಸಂತೋಷವಾಯಿತು. ಆದರೆ ಕೊನೆಯಲ್ಲಿ ನೀನಂದ ಒಂದು ಮಾತು ತಲೆಯಲ್ಲೇ ಉಳಿಯಿತು. "ವಕೀಲರ ಚಿಂತೆ ಇಲ್ಲ ದೊಡ್ಡಮ್ಮ, ಬಿಲ್ಡರ್ ಕಡೆಯವರೇ ಲೀಗಲ್ ಎಲ್ಲ ಮಾಡಿಸಿದ್ದಾರೆ, ಬ್ಯಾಂಕಿನವರೂ ಓಕೆ ಅಂದಿದ್ದಾರೆ" ಅಂದೆಯಲ್ಲ, ಆ ಮಾತು. ಇಂಥದ್ದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಹಾರಿಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಉತ್ತರಹಳ್ಳಿ ಸೈಟಿನ ಕತೆ ನಿನಗೆ ಪೂರ್ತಿ ಗೊತ್ತಿಲ್ಲ. ಆಗ ನೀನು ಚಿಕ್ಕವಳು. 1998ರಲ್ಲಿ ನಾನೂ ನಿನ್ನ ದೊಡ್ಡಪ್ಪನೂ ಒಂದು ಮೂವತ್ತು ನಲವತ್ತರ ಸೈಟ್ ತಗೊಂಡೆವು. ಮಾರುವವರು ಅಣ್ಣ ತಮ್ಮ ಇಬ್ಬರು. ತಂದೆ ತೀರಿಕೊಂಡಿದ್ದರು, ಪಿತ್ರಾರ್ಜಿತ ಜಮೀನು. ಬ್ರೋಕರೇ ಒಬ್ಬ ವಕೀಲರನ್ನು ಕರೆತಂದ. "ಫೀಸೆಲ್ಲ ನಮ್ಮ ಕಡೆಯಿಂದ, ನೀವು ಒಂದು ರೂಪಾಯಿ ಕೊಡಬೇಡಿ" ಅಂದ. ನಮಗೆ ಖುಷಿಯೋ ಖುಷಿ. ಆ ವಕೀಲರು ಕಡತ ತಿರುವಿ ಹಾಕಿ "ಪೇಪರ್ ಎಲ್ಲ ಕ್ಲೀನ್" ಅಂದರು. ಇಸಿ, ಅಂದರೆ ಆಸ್ತಿಯ ಮೇಲಿನ ಋಣಭಾರ ಪತ್ರ ತೆಗೆಸಿದೆವು, ಅದರಲ್ಲೂ ಏನೂ ಇರಲಿಲ್ಲ. ರಿಜಿಸ್ಟ್ರೇಷನ್ ಆಯಿತು, ಪೂಜೆಯೂ ಆಯಿತು.

2001ರಲ್ಲಿ ಕೋರ್ಟಿನಿಂದ ಸಮನ್ಸ್ ಬಂತು. ಆ ಅಣ್ಣ ತಮ್ಮಂದಿರಿಗೆ ಒಬ್ಬ ತಂಗಿ ಇದ್ದಳು. 1996ರಲ್ಲಿ ಅವಳ ಮದುವೆಯಾಗಿತ್ತು. ಕರ್ನಾಟಕದಲ್ಲಿ 1994ರಲ್ಲೇ ಕಾನೂನು ತಿದ್ದಿ, ಅಷ್ಟರೊಳಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿದ್ದರು. ಅಣ್ಣಂದಿರು ಅವಳ ಸಹಿ ಹಾಕಿಸಿರಲಿಲ್ಲ. ಇಸಿಯಲ್ಲಿ ತಂಗಿ ಎಲ್ಲಿ ಕಾಣುತ್ತಾಳೆ ಹೇಳು? ಅದರಲ್ಲಿ ಬರುವುದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ವಂಶವೃಕ್ಷ ತರಿಸಿ ನೋಡಿದ್ದರೆ ಕಾಣುತ್ತಿದ್ದಳು. ಆ ವಕೀಲರು ತರಿಸಲಿಲ್ಲ, ನಮಗೆ ಕೇಳಬೇಕೆಂದು ಗೊತ್ತಿರಲಿಲ್ಲ.

ನಾನು ಸಮನ್ಸ್ ಹಿಡಿದುಕೊಂಡು ಅವರ ಆಫೀಸಿಗೆ ಓಡಿದೆ. ಅವರು ಸಿಟ್ಟು ಮಾಡಲಿಲ್ಲ, ಜೋರೂ ಮಾಡಲಿಲ್ಲ. "ಅಮ್ಮ, ನಾನು ಮಾರಿದವರ ಕಡೆ ವಕೀಲ, ನಿಮ್ಮ ಕಡೆ ಅಲ್ಲ" ಅಂದರು. ಅಷ್ಟೇ. ಮೆಟ್ಟಿಲು ಇಳಿಯುವಾಗ ನನಗೆ ಹೊಳೆಯಿತು, ಅವರು ಸುಳ್ಳು ಹೇಳಿಲ್ಲ ಅಂತ. ನಾವು ಅವರಿಗೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಅವರನ್ನು ಕರೆಸಿದ್ದೂ ನಾವಲ್ಲ.

ಒಂಬತ್ತು ವರ್ಷ ಕೆ.ಜಿ. ರಸ್ತೆಯ ಕೋರ್ಟಿಗೆ ಅಲೆದೆವು. ಕೊನೆಗೆ ಆ ಹುಡುಗಿಗೆ ದುಡ್ಡು ಕೊಟ್ಟು ರಾಜಿ ಮಾಡಿಕೊಂಡೆವು. ನಿನ್ನ ಅಣ್ಣನ ಓದಿಗೆ ಅಂತ ಇಟ್ಟಿದ್ದ ದುಡ್ಡು ಅದು. ಅವಳ ಮೇಲೆ ನನಗೆ ಯಾವತ್ತೂ ಕೋಪ ಇಲ್ಲ. ಅವಳ ಪಾಲು ಅವಳು ಕೇಳಿದಳು, ಕೇಳಲೇಬೇಕಿತ್ತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಬಿಲ್ಡರ್ ಇಟ್ಟುಕೊಂಡಿರುವ ವಕೀಲರು ಒಳ್ಳೆಯವರೇ ಇರಬಹುದು. ಆದರೆ ಅವರ ಕೆಲಸ ಬಿಲ್ಡರನ್ನು ಕಾಯುವುದು. ನೀನು ಅವರ ಹತ್ತಿರ "ಈ ಷರತ್ತು ನನಗೆ ಒಳ್ಳೆಯದಾ?" ಅಂತ ಕೇಳಿದರೆ, ಅವರು ಪ್ರಾಮಾಣಿಕವಾಗಿ ಕೊಡಬಹುದಾದ ಉತ್ತರ ಒಂದೇ: ಬೇರೆ ವಕೀಲರನ್ನು ಕೇಳಿ ಅಂತ. ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳು.

ಬ್ಯಾಂಕಿನ ವಕೀಲರ ಮೇಲಿನ ನಂಬಿಕೆ ಇದಕ್ಕಿಂತ ಜಾಸ್ತಿ ಮೋಸ ಮಾಡುತ್ತದೆ. ಫೀಸು ನಿನ್ನಿಂದಲೇ ವಸೂಲಿ ಆಗುವುದರಿಂದ ಅವರು ನಿನ್ನವರು ಅನ್ನಿಸುತ್ತದೆ. ಆದರೆ ಅವರು ವರದಿ ಬರೆಯುವುದು ಬ್ಯಾಂಕಿಗೆ. ಬ್ಯಾಂಕಿಗೆ ಬೇಕಾದದ್ದು ತನ್ನ ಸಾಲಕ್ಕೆ ಸಾಕಾಗುವಷ್ಟು ಭದ್ರತೆ. ಲೆಕ್ಕ ಹಾಕಿ ನೋಡು. ಫ್ಲ್ಯಾಟಿನ ಬೆಲೆ 92 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲವಾದರೆ ಬೆಲೆಯ ಶೇಕಡ 80ಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ಅಂದರೆ ಹೆಚ್ಚೆಂದರೆ 73 ಲಕ್ಷ 60 ಸಾವಿರ ಅವರದು, ಉಳಿದದ್ದು ನಿಮ್ಮದು. ಅದರ ಮೇಲೆ ಮುದ್ರಾಂಕ ಶುಲ್ಕ ಶೇಕಡ 5, ಜೊತೆಗೆ ಸೆಸ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇಕಡ 1 ಇದ್ದದ್ದು 2 ಆಗಿದೆ. ನಾಳೆ ಹಕ್ಕಿನಲ್ಲಿ ತೊಡಕು ಬಂತು ಅಂತ ಇಟ್ಟುಕೋ. ಕಂತು ನಿಲ್ಲುವುದಿಲ್ಲ. ನಿಮ್ಮಿಬ್ಬರ ಸಂಬಳದಿಂದ ತಿಂಗಳು ತಿಂಗಳೂ ಹೋಗುತ್ತಲೇ ಇರುತ್ತದೆ. ಬ್ಯಾಂಕಿನ ದುಡ್ಡಿಗೆ ನೀವೇ ಜಾಮೀನು. ನಿಮ್ಮ ದುಡ್ಡಿಗೆ ಯಾರು?

ಅಪಾರ್ಟ್‌ಮೆಂಟ್ ಅಂದರೆ ಸೈಟಿನ ಹಾಗಲ್ಲ, ರೇರಾ ಇದೆ ಅಂತ ನೀನು ಹೇಳಬಹುದು. ಬಿಲ್ಡರುಗಳಿಗೆ ಲಗಾಮು ಹಾಕುವ ರೇರಾ ಒಳ್ಳೆಯ ಕಾನೂನು, ನಮ್ಮ ಕಾಲಕ್ಕೆ ಅದು ಇದ್ದಿದ್ದರೆ ಎಷ್ಟೋ ಜನ ಉಳಿದುಕೊಳ್ಳುತ್ತಿದ್ದರು. ಆದರೆ ಕಟ್ಟಡದ ಕೆಳಗಿರುವ ನೆಲ ಮೊದಲು ಯಾರದ್ದೋ ಹೊಲ. ಕನಕಪುರ ರಸ್ತೆಯ ಆ ಕಡೆಯೆಲ್ಲ ರಾಗಿ ಬೆಳೆಯುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಆ ಹೊಲ ಸರ್ಕಾರ ಪರಿಶಿಷ್ಟ ಜಾತಿಯ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರು ಮಾಡಿದ್ದಾಗಿದ್ದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಮಾರಿದರೆ ಆ ಮಾರಾಟವೇ ಅಸಿಂಧು, ಆಮೇಲೆ ಎಷ್ಟು ಕೈ ಬದಲಾದರೂ ಅಷ್ಟೆ. 2023ರ ತಿದ್ದುಪಡಿಯಲ್ಲಿ, ಜಮೀನು ವಾಪಸ್ ಕೇಳುವುದಕ್ಕೆ ಕಾಲಮಿತಿ ಇಲ್ಲ ಅಂತಲೂ ಸೇರಿಸಿದ್ದಾರೆ. ಬಡವರ ನೆಲ ಉಳಿಯಲಿ ಅಂತ ಮಾಡಿದ ಕಾನೂನು ಅದು. ತಿಳಿಯದೆ ಅಂಥ ನೆಲದ ಮೇಲೆ ಮನೆ ಕೊಳ್ಳುವುದು ಬೇಡ. ಇದು ಗೊತ್ತಾಗಬೇಕಾದರೆ ಮೂಲ ಮಂಜೂರಾತಿ, ಹಳೆಯ ಪಹಣಿ, ಹೆಸರು ಬದಲಾದ ಮ್ಯುಟೇಷನ್ ದಾಖಲೆ, ಹೊಲವನ್ನು ಬೇರೆ ಬಳಕೆಗೆ ಬಿಟ್ಟ ಭೂಪರಿವರ್ತನೆ ಆದೇಶ, ಇವನ್ನೆಲ್ಲ ಹುಡುಕಿ ತೆಗೆದು ಓದಬೇಕು. ಮೂವತ್ತು ವರ್ಷದ ಕಾಗದ ಸಾಲದು, ಇನ್ನೂ ಹಿಂದೆ ಹೋಗಬೇಕಾಗಬಹುದು.

ನಿಮ್ಮದು ಜಂಟಿ ಅಭಿವೃದ್ಧಿಯ ಪ್ರಾಜೆಕ್ಟ್ ಅಂದೆ, ಅಲ್ವಾ? ಹಾಗಾದರೆ ಇನ್ನೊಂದಿದೆ. ಜಮೀನಿನ ಮಾಲೀಕರಿಗೆ ಇಷ್ಟು ಫ್ಲ್ಯಾಟ್, ಬಿಲ್ಡರಿಗೆ ಇಷ್ಟು ಅಂತ ಹಂಚಿಕೆ ಆಗಿರುತ್ತದೆ. ನಿನ್ನ ಫ್ಲ್ಯಾಟ್ ಯಾರ ಪಾಲಿಗೆ ಬಂದಿದೆ? ಮಾರುವ ಅಧಿಕಾರ ಯಾರಿಗಿದೆ, ಯಾರು ಯಾರು ಸಹಿ ಹಾಕಬೇಕು? ಓಸಿ, ಅಂದರೆ ಕಟ್ಟಡದಲ್ಲಿ ವಾಸಕ್ಕೆ ಕೊಡುವ ಪ್ರಮಾಣಪತ್ರ ಬಂದಿದೆಯಾ, ಆನ್‌ಲೈನ್ ಖಾತೆಯಾದ ಇ-ಖಾತಾ ಆಗಿದೆಯಾ ಅನ್ನುವುದನ್ನು ಈಗ ಎಲ್ಲರೂ ಕೇಳುತ್ತಾರೆ, ಅದು ಸರಿ. ಈ ಹಂಚಿಕೆ ಪತ್ರವನ್ನು ಮಾತ್ರ ಕೇಳುವವರು ಕಡಿಮೆ. ಖಾತೆ ತೆರಿಗೆ ಕಟ್ಟುವುದಕ್ಕೆ ಇರುವ ದಾಖಲೆ, ಅದೇ ಹಕ್ಕುಪತ್ರ ಅಂದುಕೊಳ್ಳಬೇಡ.

ಆಮೇಲೆ ಬಿಲ್ಡರ್ ಜೊತೆಗಿನ ಆ ಮಾರಾಟದ ಅಗ್ರಿಮೆಂಟ್. ರೇರಾ ನಿಯಮಗಳ ಜೊತೆ ಒಂದು ಮಾದರಿ ಅಗ್ರಿಮೆಂಟ್ ಇದೆ. ಬಿಲ್ಡರ್ ಕೊಟ್ಟ ಕರಡನ್ನು ಅದರ ಪಕ್ಕ ಇಟ್ಟು ಸಾಲು ಸಾಲಾಗಿ ಓದುವವರು ನಿನಗೆ ಬೇಕು. ನೀನು ಕಂತು ತಡ ಮಾಡಿದರೂ ಅವರು ಮನೆ ತಡ ಮಾಡಿದರೂ ಬಡ್ಡಿ ದರ ಒಂದೇ ಇರಬೇಕು ಅನ್ನುತ್ತದೆ ಕಾನೂನು. ಕರಡಿನಲ್ಲಿ ನಿನಗೊಂದು ದರ, ಅವರಿಗೊಂದು ದರ ಇದೆಯೇನೋ ನೋಡಬೇಕು.

ಇನ್ನು ವಕೀಲರನ್ನು ಹುಡುಕುವುದು. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ಆದ್ದರಿಂದ ಕೇಳಿಯೇ ತಿಳಿಯಬೇಕು. ಈಚೆಗೆ ಮನೆ ಕೊಂಡವರನ್ನು ಕೇಳು. ಬ್ರೋಕರನ್ನು ಬೇಡ, ಸೇಲ್ಸ್ ಹುಡುಗನನ್ನಂತೂ ಬೇಡವೇ ಬೇಡ. ನಿಮ್ಮ ಯಜಮಾನರ ಸ್ನೇಹಿತರೊಬ್ಬರು ಕಂಪನಿಯ ಲೀಗಲ್‌ನಲ್ಲಿದ್ದಾರೆ ಅಂದೆಯಲ್ಲ, ಅವರೂ ಇದಕ್ಕೆ ಬೇಡ. ಬುದ್ಧಿವಂತರೇ ಇರಬಹುದು. ಆದರೆ ಕೈಬರಹದ ಹಳೇ ಕನ್ನಡ ಕ್ರಯಪತ್ರ ಓದಬೇಕು, ಸರ್ವೆ ನಂಬರಿನ ಮುಂದೆ 'ಪೈಕಿ' ಅಂತಿದ್ದರೆ, ಅಂದರೆ ಆ ನಂಬರಿನ ಒಂದು ಭಾಗ ಮಾತ್ರ ಅಂತಿದ್ದರೆ, ತಟ್ಟನೆ ನಿಲ್ಲಬೇಕು. ಅದು ಬೆಂಗಳೂರಿನ ಜಮೀನಿನ ಕೇಸುಗಳಲ್ಲಿ ಪಳಗಿದ ಸಿವಿಲ್ ವಕೀಲರಿಗೆ ಬರುವ ವಿದ್ಯೆ.

ಮೊದಲ ಸಲ ಕಂಡಾಗಲೇ ಕೇಳಿಬಿಡು: ಈ ಬಿಲ್ಡರಿಗೆ, ಜಮೀನಿನವರಿಗೆ ಅಥವಾ ಸಾಲ ಕೊಡುವ ಬ್ಯಾಂಕಿಗೆ ನೀವು ಕೆಲಸ ಮಾಡಿದ್ದೀರಾ? ಹೌದು ಅಂದರೆ ಕೈಮುಗಿದು ಎದ್ದು ಬಾ. ಸಂಕೋಚ ಪಡಬೇಡ, ಒಳ್ಳೆಯ ವಕೀಲರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಫೀಸು ಮೊದಲೇ ಇಷ್ಟು ಅಂತ ಗೊತ್ತಾಗಲಿ. ರಿಜಿಸ್ಟ್ರೇಷನ್ ಆದಮೇಲೆ ಕೊಡಿ ಅನ್ನುವವರು ಬೇಡ. ವ್ಯಾಪಾರ ಆದರೆ ಮಾತ್ರ ದುಡ್ಡು ಸಿಗುತ್ತದೆ ಅಂದಮೇಲೆ, ಬೇಡ ಅನ್ನುವ ಬಾಯಿ ಯಾರಿಗೆ ತಾನೇ ಬರುತ್ತದೆ? ನಿನಗೆ ಬೇಕಾದವರು 'ಇದನ್ನು ಕೊಳ್ಳಬೇಡಮ್ಮ' ಅಂತ ಹೇಳಿಯೂ ಪೂರ್ತಿ ಫೀಸು ತೆಗೆದುಕೊಳ್ಳುವವರು. ಅಭಿಪ್ರಾಯ ಬರವಣಿಗೆಯಲ್ಲಿ ಇರಲಿ, ನಿನ್ನ ಹೆಸರಿಗೇ ಬರೆಯಲಿ. ಯಾವ ಯಾವ ಕಾಗದ ನೋಡಿದರು, ಯಾವುದು ಸಿಗಲಿಲ್ಲ ಅನ್ನುವುದೂ ಅದರಲ್ಲಿರಲಿ. ಈ ಖರ್ಚು ನೋಡಿ ಹಿಂದೆ ಮುಂದೆ ನೋಡಬೇಡ. ಮಾಡ್ಯುಲರ್ ಕಿಚನ್‌ಗೆ ಅಂತ ಎತ್ತಿಟ್ಟಿದ್ದೀಯಲ್ಲ, ಅದರಲ್ಲೇ ತೆಗೆ. ಅಡುಗೆಮನೆ ಆಮೇಲೆ ಮಾಡಿಸಿಕೊಳ್ಳಬಹುದು.

ಒಂದು ವಿಷಯ ತುಂಬಾ ಅರ್ಜೆಂಟು. ಶುಕ್ರವಾರದೊಳಗೆ 15 ಲಕ್ಷ ಕಟ್ಟಿ, ಅಗ್ರಿಮೆಂಟ್ ಆಮೇಲೆ ಮಾಡೋಣ ಅಂದಿದ್ದಾರೆ ಅಂದೆ. ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಅಗ್ರಿಮೆಂಟ್ ಬರೆದು ರಿಜಿಸ್ಟರ್ ಮಾಡಿಸದೆ ಬೆಲೆಯ ಶೇಕಡ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. 92 ಲಕ್ಷಕ್ಕೆ ಅದು 9 ಲಕ್ಷ 20 ಸಾವಿರ. 15 ಲಕ್ಷ ಕೇಳುವುದೇ ತಪ್ಪು. ಆ 9 ಲಕ್ಷವನ್ನೂ ನಿನ್ನ ವಕೀಲರು ಕಾಗದ ನೋಡುವ ತನಕ ಕಟ್ಟಬೇಡ. ಬೇರೆಯವರು ಬುಕ್ ಮಾಡಿಬಿಡುತ್ತಾರೆ ಅಂತ ಹೆದರಿಸುತ್ತಾರೆ. ನಮ್ಮ ಸೈಟಿಗೂ ಇನ್ನೊಬ್ಬರು ಸಂಜೆ ಬರುತ್ತಾರೆ ಅಂದಿದ್ದರು. ಮಾಡಿದರೆ ಮಾಡಲಿ ಬಿಡು. ಕಾಡು ಕಾಣುವ ಬಾಲ್ಕನಿ ಇನ್ನೊಂದು ಸಿಗುತ್ತದೆ.

ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ಆ ಕರಡು ಅಗ್ರಿಮೆಂಟನ್ನು ಪ್ರಿಂಟ್ ತೆಗೆಸಿಕೊಂಡು ಬಾ, ಜೊತೆಗೆ ಅವರು ಕೊಟ್ಟಿರುವ ಕಾಗದಗಳೆಲ್ಲ ಇರಲಿ. ನಮ್ಮ ಸೈಟಿನ ಕೇಸು ಕೊನೆಗೆ ನಡೆಸಿಕೊಟ್ಟ ಲಾಯರಮ್ಮ ಇನ್ನೂ ಪ್ರಾಕ್ಟೀಸ್ ಮಾಡುತ್ತಿದ್ದಾರೆ. ಅವರ ಹತ್ತಿರ ಸೋಮವಾರ ಬೆಳಿಗ್ಗೆಗೆ ಟೈಮ್ ಕೇಳಿದ್ದೇನೆ. ನಿನಗೆ ಅವರು ಸರಿ ಅನ್ನಿಸದಿದ್ದರೆ ಬೇರೆಯವರನ್ನು ನೋಡೋಣ, ಆರಿಸುವವಳು ನೀನೇ. ನಾನು ಜೊತೆಗೆ ಬರುತ್ತೇನೆ, ಅಷ್ಟೆ. ಶುಕ್ರವಾರ ದುಡ್ಡು ಕಟ್ಟಿಲ್ಲ ಅಂತ ಒಂದು ಫೋನ್ ಮಾಡು. ಅಲ್ಲಿಯವರೆಗೆ ನನಗೆ ಸಮಾಧಾನ ಇರುವುದಿಲ್ಲ.

ನಿನ್ನ ಪ್ರೀತಿಯ
ದೊಡ್ಡಮ್ಮ