ಸೈಕಲ್ ಮೋಟರ್ ಮಾರೋರು ಹಲ್ಲಿನ ಲೆಕ್ಕಾನೂ ಹೇಳ್ಲಿ

ಸಂಪಾದಕರೇ, ನಮಸ್ಕಾರ.

ಹಳೇ ಸೈಕಲ್‌ಗೆ ಮೋಟರ್ ಕಿಟ್ ಹಾಕಿಸ್ಕೊಳ್ಳೋರಿಗೆ ಅಂಗಡಿಯೋರು ಹೇಳೋದು ಎರಡೇ ಮಾತು, 250 ವಾಟ್ ಮತ್ತೆ ಇಷ್ಟು ಸ್ಪೀಡ್ ಅಂತ. ತಗೊಂಡ್ ಹೋದೋರು ಹನುಮಂತನಗರದಲ್ಲಿ ರಾಮಾಂಜನೇಯ ಗುಡ್ಡದ ಅಕ್ಕಪಕ್ಕದ ಏರು ಹತ್ತಿಸ್ವಾಗ ಪುಲ್ಲಿಂಗೇ ಇಲ್ಲ, ಮೋಟರ್ ಮುಟ್ಟಿದ್ರೆ ಕೈ ಸುಡುತ್ತೆ ಅಂತ ರಿಪೇರಿಗೆ ತರ್ತಾರೆ. ಎಷ್ಟೋ ಸಲ ಮೋಟರ್ ಚೆನ್ನಾಗೇ ಇರುತ್ತೆ, ಚೈನ್ ಕೂರೋ ಚಕ್ರಗಳಿಗೆ ಹಾಕಿರೋ ಹಲ್ಲಿನ ಲೆಕ್ಕ ಆ ರಸ್ತೆಗೆ ಆಗಿಬರಲ್ಲ ಅಷ್ಟೇ.

ಸಾಮಾನ್ಯವಾಗಿ ಸಿಗೋ 24 ವೋಲ್ಟ್ ಗೇರ್ ಮೋಟರ್ ತಗೊಳ್ಳಿ, ಲೋಡ್ ಬಿದ್ದಾಗ ಅದರ ಶಾಫ್ಟು ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತೆ, ಅದಕ್ಕೆ 9 ಹಲ್ಲಿನ ಸ್ಪ್ರಾಕೆಟ್, ಅಂದ್ರೆ ಚೈನ್ ಕೂರೋ ಹಲ್ಲುಚಕ್ರ ಇರುತ್ತೆ. ಹಿಂದಿನ ಚಕ್ರಕ್ಕೆ 18 ಹಲ್ಲಿನ ಫ್ರೀವೀಲ್ (ಹಿಂದಿನ ಹಲ್ಲುಚಕ್ರ) ಹಾಕಿದ್ರೆ ಚಕ್ರ 150 ಸುತ್ತು, 26 ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಹೋಗುತ್ತೆ, ಅಲ್ಲಿಗೆ ಗಂಟೆಗೆ ಹತ್ರಹತ್ರ 19 ಕಿ.ಮೀ. ಮೋಟರ್‌ದು 8 ನ್ಯೂಟನ್ ಮೀಟರ್ ಟಾರ್ಕು, ಅಂದ್ರೆ ತಿರುಗಿಸೋ ಬಲ, ಹಲ್ಲು ಡಬಲ್ ಆಗಿರೋದ್ರಿಂದ ಚಕ್ರದಲ್ಲಿ 16 ಆಗುತ್ತೆ, ಅದನ್ನ ಚಕ್ರದ ತ್ರಿಜ್ಯದಿಂದ ಭಾಗಿಸಿದ್ರೆ ಟೈರು ನೆಲವನ್ನ ತಳ್ಳೋದು ಸುಮಾರು 48 ನ್ಯೂಟನ್. ಈಗ ಓಡಿಸೋರು, ಸೈಕಲ್, ಬ್ಯಾಟರಿ ಎಲ್ಲಾ ಸೇರಿ 100 ಕೆಜಿ ಅಂದ್ಕೊಳ್ಳಿ, ನೂರು ಮೀಟರ್‌ಗೆ 5 ಮೀಟರ್ ಏರೋ ರಸ್ತೆಯಲ್ಲಿ ಬರೀ ತೂಕಾನೇ 49 ನ್ಯೂಟನ್ ಹಿಂದಕ್ಕೆ ಎಳೆಯುತ್ತೆ, ಟೈರಿನ ಎಳೆತ, ಗಾಳಿ ಎಲ್ಲಾ ಬೇರೆ. ಪೆಡಲ್ ತುಳೀದೇ ಇದ್ರೆ ಸ್ಪೀಡ್ ಬಿದ್ದೇ ಬೀಳುತ್ತೆ, ಸ್ಪೀಡ್ ಬಿದ್ದಷ್ಟೂ ಮೋಟರ್ ಜಾಸ್ತಿ ಕರೆಂಟ್ ಎಳ್ಕೊಳ್ಳುತ್ತೆ, ಕರೆಂಟ್ ಎರಡು ಪಟ್ಟಾದ್ರೆ ಒಳಗಿನ ತಂತಿ ಸುರುಳಿ (ವೈಂಡಿಂಗ್) ಕಾಯೋದು ನಾಲ್ಕು ಪಟ್ಟು. ಕೈ ಸುಡೋದು ಅದಕ್ಕೇ.

ಅದೇ ಜಾಗಕ್ಕೆ 22 ಹಲ್ಲಿನ ಫ್ರೀವೀಲ್ ಹಾಕಿ, ಚೈನಿಗೆ ಒಂದೆರಡು ಲಿಂಕ್ ಸೇರಿಸಿ. ಸ್ಪೀಡು 15ಕ್ಕೆ ಇಳಿಯುತ್ತೆ ನಿಜ, ಆದ್ರೆ ತಳ್ಳೋ ಬಲ 59 ನ್ಯೂಟನ್‌ಗೆ ಏರುತ್ತೆ, ಅದೇ ಏರು ಮೋಟರ್ ಏದುಸಿರು ಬಿಡದೆ ಹತ್ತುತ್ತೆ. ದಾವಣಗೆರೆ ಥರ ಸಪಾಟು ಊರಾದ್ರೆ 16 ಹಲ್ಲು ಸಾಕು, 21 ಕಿ.ಮೀ. ಸಿಗುತ್ತೆ. ಪವರ್ ಎಲ್ಲದರಲ್ಲೂ ಅಷ್ಟೇ, ಸ್ಪೀಡ್ ಬೇಕೋ ಎಳೆತ ಬೇಕೋ ಅನ್ನೋದು ನಾವು ಓಡಾಡೋ ರಸ್ತೆ ಮೇಲಿದೆ. 1972ರಲ್ಲಿ ಬಂದ ಲೂನಾ ಮೊಪೆಡ್‌ಗೂ ಒಂದೇ ಗೇರ್ ಇದ್ದಿದ್ದು, ಏರಲ್ಲಿ ಪೆಡಲ್ ತುಳಿದು ಕೈಜೋಡಿಸ್ತಿದ್ರು ಅನ್ನೋದು ಹಿರಿಯರಿಗೆ ಗೊತ್ತಿರುತ್ತೆ.

ಇನ್ನೊಂದು ಮಾತು ನನಗೆ ನಿಜವಾಗ್ಲೂ ಬೇಜಾರು ತರಿಸೋದು. ಚಕ್ರದೊಳಗೇ ಮೋಟರ್ ಇರೋ ಹಬ್ ಮೋಟರ್ ಸೈಕಲ್ ತೋರ್ಸಿ 21 ಗೇರ್ ಇದೆ, ಎಂಥ ಏರಾದ್ರೂ ಹತ್ತುತ್ತೆ ಅಂತಾರೆ. ಆ ಗೇರು ಕಾಲಿಗೆ ಮಾತ್ರ ಸಹಾಯ, ಹಬ್ ಮೋಟರ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ. ಅಲ್ಲಿ ಚಕ್ರದ ಸೈಜೇ ಗೇರು, ಅದೇ ಮೋಟರ್ 20 ಇಂಚಿನ ಚಕ್ರದಲ್ಲಿದ್ರೆ 26 ಇಂಚಿಗಿಂತ 1.3 ಪಟ್ಟು ಜೋರಾಗಿ ತಳ್ಳುತ್ತೆ, ಸ್ಪೀಡು ಅಷ್ಟೇ ಪಾಲು ಕಮ್ಮಿ. ಸೈಕಲ್ ಗೇರು ಮೋಟರ್‌ಗೂ ಕೆಲಸಕ್ಕೆ ಬರೋದು ಪೆಡಲ್ ಹತ್ರ ಕೂರಿಸೋ ಮಿಡ್ ಡ್ರೈವ್‌ನಲ್ಲಿ, ಅದು ದುಬಾರಿ.

ದೊಡ್ಡ ಮೋಟರ್ ಹಾಕಿದ್ರಾಯ್ತಲ್ಲ ಅನ್ನೋರಿಗೆ ಹೇಳ್ಬೇಕು, ಮೋಟರ್ ಅರ್ಧ ಗಂಟೆ ಬಿಡದೆ ಕೊಡೋ ಪವರ್ 250 ವಾಟ್ ಒಳಗೆ, ಸ್ಪೀಡ್ 25 ಕಿ.ಮೀ. ಒಳಗೆ ಇದ್ರೆ ಮಾತ್ರ ಲೈಸೆನ್ಸು, ರಿಜಿಸ್ಟ್ರೇಷನ್ನು ಬೇಡ. ಆ ಮಿತಿಯೊಳಗೆ ಇರ್ಬೇಕು ಅಂದ್ರೆ ನಮ್ಮ ಕೈಯಲ್ಲಿರೋದು ಹಲ್ಲಿನ ಲೆಕ್ಕ ಒಂದೇ.

ಆದ್ದರಿಂದ ಕಿಟ್ ಮಾರೋ ಅಂಗಡಿಗಳು ಶಾಫ್ಟಿನ ಸುತ್ತು ಎಷ್ಟು, ಮುಂದೆ ಹಿಂದೆ ಹಲ್ಲು ಎಷ್ಟು, 100 ಕೆಜಿ ಹೊತ್ತು ಎಷ್ಟು ಏರು ಹತ್ತುತ್ತೆ ಅನ್ನೋದನ್ನ ಬಿಲ್ ಮೇಲೇ ಬರೆದು ಕೊಡ್ಲಿ, ಗಿರಾಕಿ ಯಾವ ಏರಿಯಾದಲ್ಲಿ ಓಡಾಡ್ತಾರೆ ಅಂತ ಕೇಳಿ 16, 18, 22ರಲ್ಲಿ ಸರಿಯಾದ್ದನ್ನ ಹಾಕ್ಲಿ. ನಿಮ್ಮ ಪತ್ರಿಕೆಯಲ್ಲೂ ಎಲೆಕ್ಟ್ರಿಕ್ ಸೈಕಲ್ ಬಗ್ಗೆ ಬರೆಯೋವಾಗ ಟಾಪ್ ಸ್ಪೀಡ್ ಜೊತೆಗೆ ಈ ನಂಬರ್‌ಗಳನ್ನೂ ಕೇಳಿ ಹಾಕಿ ಅಂತ ವಿನಂತಿ.

ಇತಿ,
ಸೈಕಲ್ ರಿಪೇರಿ ಮಾಡೋ ಓದುಗ, ಬೆಂಗಳೂರು