ಗುಂಡಿ ತೆಗೆಸುವ ಮುಂಚೆ: ಮನೆ ಮುಂದಿನ ನೆರಳಿನ ಗಿಡ

ಮೃಗಶಿರಾ ಮಳೆಗೆ ಗಿಡ ನೆಡುವವರು ಇದನ್ನೊಮ್ಮೆ ಓದಿ.

ನೆರಳಿಗೆ ಹೊಂಗೆಗೇ ನಮ್ಮ ಓಟು. ಬಿಸಿಲು ಏರುವ ಹೊತ್ತಿಗೆ ಹಳೆ ಎಲೆ ಉದುರಿಸಿ, ಮಿರಮಿರ ಚಿಗುರು ತುಂಬಿಕೊಂಡಿರುತ್ತದೆ. ಗುಲ್‌ಮೊಹರ್ ಚೆಂದವೇನೋ ಹೌದು, ಆದರೆ ಬೇರು ಮೇಲ್ಮೇಲೆ ಹರಡಿ ಕಾಂಪೌಂಡ್ ಬಿರಿಯುತ್ತದೆ, ಮಳೆಗಾಲದ ಮುಂಚಿನ ಗಾಳಿಗೆ ಕೊಂಬೆ ಮುರಿಯುತ್ತದೆ. ಆಲ, ಅರಳಿ ಮನೆ ಹತ್ತಿರ ಬೇಡವೇ ಬೇಡ. 30x40 ಸೈಟಿನವರು ಪಾರಿಜಾತ ಹಾಕಿ ಸಾಕು.

ಜಾಗ ಪಶ್ಚಿಮಕ್ಕಿರಲಿ, ಮಧ್ಯಾಹ್ನದ ಬಿಸಿಲು ಗೋಡೆಗೆ ಬೀಳುವುದು ಆ ಕಡೆಯಿಂದಲೇ. ಹೊಂಗೆಯಾದರೆ ಗೋಡೆ, ಸಂಪು, ಚರಂಡಿ ಪೈಪಿನಿಂದ 12ರಿಂದ 15 ಅಡಿ ದೂರ. ತಲೆ ಎತ್ತಿ ಕರೆಂಟ್ ತಂತಿಯನ್ನೂ ನೋಡಿ.

ಗುಂಡಿ ಉದ್ದ, ಅಗಲ, ಆಳ ಎರಡೆರಡು ಅಡಿ. ಮೇಲ್ಮಣ್ಣು ಎರಡು ಪಾಲಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಹಸಿ ಸಗಣಿ ಹಾಕಿದರೆ ಬೇರು ಬೇಯುತ್ತದೆ, ಗೆದ್ದಲೂ ಬರುತ್ತದೆ.

ಹೆಚ್ಚಿನ ಗಿಡ ಕೆಡುವುದು ನರ್ಸರಿಯಿಂದ ಬರುವ ಕಪ್ಪು ಕವರಿನಿಂದ. ಬ್ಲೇಡಿನಲ್ಲಿ ಸೀಳಿ ಪೂರ್ತಿ ತೆಗೆಯಿರಿ. ತಳದಲ್ಲಿ ಬೇರು ಸಿಂಬಿಯಂತೆ ಸುತ್ತಿದ್ದರೆ ಆ ಸುತ್ತನ್ನು ಕತ್ತರಿಸಿ. ಬಿಟ್ಟರೆ ಮರವಾದ ಮೇಲೂ ಬುಡ ಗಟ್ಟಿ ನಿಲ್ಲುವುದಿಲ್ಲ. ಊರುಗೋಲಿಗೆ ಸಡಿಲವಾಗಿ, ಹಳೆ ಬಟ್ಟೆಯಲ್ಲಿ ಕಟ್ಟಿ, ತಂತಿಯಲ್ಲಿ ಅಲ್ಲ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ಎರಡೆರಡು ಬಿಂದಿಗೆ ನೀರು.